ಎರಡು ನಾಬ್, ನಾಲ್ಕು ತಂತಿ: 165 ವ್ಯಾಟ್ ರೀಫ್ ಲೈಟ್ ಹೇಗಿದೆ?

ಮೊದಲೇ ಹೇಳಿಬಿಡ್ತೀನಿ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಕೋರಲ್, ಅಂದರೆ ಹವಳ, ಬೆಳೆಸೋಕೆ ಹಾಕೋ ಈ ಲೈಟ್ ಚೆನ್ನಾಗಿದೆ, ಹೇಗೆ ಬಳಸೋದು ಅಂತ ಅದರ ಜೊತೆ ಬರೋ ಹಾಳೆ ಮಾತ್ರ ದಂಡ. ತಂತಿಯಲ್ಲಿ ನೇತುಹಾಕಿ ಎತ್ತರ ಸರಿ ಮಾಡ್ಕೊಳ್ಳೋ ತಾಳ್ಮೆ ಇದ್ದವರು ಕಣ್ಣುಮುಚ್ಚಿ ತಗೋಬಹುದು. ಡಬ್ಬಿಯಿಂದ ತೆಗೆದು ಟ್ಯಾಂಕ್ ಮೇಲೆ ಇಟ್ಟು ಸ್ವಿಚ್ ಹಾಕಿಬಿಡೋಣ ಅನ್ನೋರಿಗೆ ಇದು ಬೇಡ.

ಸಮುದ್ರದ ಅಕ್ವೇರಿಯಂ ಇಟ್ಟವರಿಗೆ ಈ ಕಪ್ಪು ಪೆಟ್ಟಿಗೆ ಗೊತ್ತಿರುತ್ತೆ. ಚೀನಾದಿಂದ ಬರುತ್ತೆ, ಹತ್ತಾರು ಹೆಸರಿನಲ್ಲಿ ಮಾರ್ತಾರೆ, ಒಳಗಿರೋದು ಹೆಚ್ಚುಕಡಿಮೆ ಒಂದೇ. ಮೂರು ವ್ಯಾಟಿನ 55 ಎಲ್‌ಇಡಿ, ಎರಡು ಫ್ಯಾನು, ನೀಲಿ ಬೆಳಕಿಗೆ ಒಂದು ನಾಬ್, ಬಿಳಿ ಬೆಳಕಿಗೆ ಒಂದು ನಾಬ್. ಎರಡಕ್ಕೂ ಬೇರೆ ಬೇರೆ ವೈರು. ನನಗೆ ಹತ್ತು ಸಾವಿರದ ಆಸುಪಾಸಿನಲ್ಲಿ ಬೆಂಗಳೂರಿನಿಂದ ಬಂತು. ತುಮಕೂರಿನಲ್ಲಿ ಉಪ್ಪುನೀರಿನ ಸಾಮಾನು ಕೇಳಿದರೆ ಅಂಗಡಿಯವರು ಗೋಲ್ಡ್ ಫಿಷ್ ತೋರಿಸ್ತಾರೆ. 165 ವ್ಯಾಟ್ ಅಂತ ಬರೆದಿದ್ದರೂ ಎರಡೂ ನಾಬ್ ಪೂರ್ತಿ ತಿರುಗಿಸಿದಾಗ ನನ್ನ ಪ್ಲಗ್ ಮೀಟರ್ ತೋರಿಸೋದು 120ರ ಹತ್ತಿರ. ಅದರ ಬಗ್ಗೆ ತಕರಾರಿಲ್ಲ. ಅಷ್ಟೂ ಬೆಳಕು ನನಗೆ ಬೇಕಾಗೇ ಇಲ್ಲ.

ಯಾಕೆ ಬೇಡ ಅಂದರೆ, ನನ್ನ ಟ್ಯಾಂಕಿನಲ್ಲಿ ಇರೋದೆಲ್ಲ ಮೆತ್ತನೆ ಕೋರಲ್. ಮಶ್ರೂಮ್, ಜೋವಾ, ಒಂದು ಲೆದರ್. ಕಲ್ಲಿನಂಥ ಗೂಡು ಕಟ್ಟೋ ಗಟ್ಟಿ ಕೋರಲ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ, ಹುಲಿ ಆನೆಗಳ ಜೊತೆಗೇ, ಅಂದರೆ ಇಟ್ಟುಕೊಳ್ಳೋ ಹಾಗಿಲ್ಲ. ಯಾರಾದರೂ 'ಏನೂ ಆಗಲ್ಲ ಸರ್, ಎಲ್ಲರೂ ಇಡ್ತಾರೆ' ಅಂದರೆ ನಗುತ್ತಾ ಎದ್ದು ಬನ್ನಿ. ಗಟ್ಟಿ ಕೋರಲ್‌ಗಳಲ್ಲಿ ಬೆಳಕು ಜಾಸ್ತಿ ಬೇಡೋ ಜಾತಿಗಳಿಗೆ 200ರಿಂದ 350 ಪಾರ್ ಬೇಕು ಅಂತಾರೆ. ಮೆತ್ತನೆಯವಕ್ಕೆ 50ರಿಂದ 150 ಸಾಕು. ಪಾರ್ ಅಂದರೆ ದ್ಯುತಿಸಂಶ್ಲೇಷಣೆಗೆ ಉಪಯೋಗಕ್ಕೆ ಬರೋ ಬೆಳಕಿನ ಅಳತೆ. ಕೋರಲ್ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ. ಬೆಳಕು ತಿಂದು ಕೋರಲ್‌ಗೆ ಊಟ ಹಾಕೋದು ಅದೇ. ಬೆಳಕು ವಿಪರೀತ ಆದರೆ ಆ ಪಾಚಿಯಿಂದಲೇ ಕೋರಲ್‌ಗೆ ತೊಂದರೆ ಶುರು, ಕೋರಲ್ ಅದನ್ನು ಹೊರಗೆ ಹಾಕುತ್ತೆ, ಬಣ್ಣ ಹೋಗಿ ಬೆಳ್ಳಗಾಗುತ್ತೆ. ಅಂದರೆ ಮೆತ್ತನೆ ಕೋರಲ್ ಸಾಕೋರಿಗೆ ಈ ಪೆಟ್ಟಿಗೆಯ ಸಮಸ್ಯೆ ಬೆಳಕು ಕಡಿಮೆ ಅನ್ನೋದಲ್ಲ, ಜಾಸ್ತಿ ಅನ್ನೋದು.

ಜಾಸ್ತಿ ಆದರೆ ನಾಬ್ ತಿರುಗಿಸಿ ಕಡಿಮೆ ಮಾಡಿದರಾಯ್ತು ಅಲ್ವಾ? ಅಷ್ಟು ಸುಲಭ ಇದ್ದಿದ್ದರೆ ನಾನು ಇಷ್ಟು ಬರೀತಾ ಇರಲಿಲ್ಲ. ನಾಬ್ ಮೇಲೆ ಅಂಕಿ ಇಲ್ಲ. ಕೆಳಗಿನ ಕಾಲು ಭಾಗದಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಬೆಳಕು ದಿಢೀರ್ ಬದಲಾಗುತ್ತೆ. ಇನ್ನೂ ಇಳಿಸಿದರೆ ಎಲ್‌ಇಡಿಗೆ ಕರೆಂಟ್ ಕೊಡೋ ಡ್ರೈವರ್ ಜುಂಯ್ ಅನ್ನುತ್ತೆ, ಆಮೇಲೆ ಪಟ್ ಅಂತ ಆರಿಹೋಗುತ್ತೆ. ನನ್ನದು ಸೋಮೇಶ್ವರಪುರದಲ್ಲಿ ಫೋಟೋ ಸ್ಟುಡಿಯೋ, ಆದ್ದರಿಂದ ಇನ್ನೊಂದು ಹುಳುಕೂ ಕಣ್ಣಿಗೆ ಬಿತ್ತು. ಕಡಿಮೆ ಮಾಡಿದಾಗ ಶಟರ್ 1/1000ಕ್ಕೆ ಇಟ್ಟು ಫೋಟೋ ತೆಗೆದರೆ ಚಿತ್ರದ ತುಂಬ ಅಡ್ಡಪಟ್ಟೆ. ಮೀನಿನ ವಿಡಿಯೋ ಮಾಡೋ ಆಸೆ ಇದ್ದವರು ಇದನ್ನು ನೆನಪಿಟ್ಟುಕೊಳ್ಳಿ.

ಆದ್ದರಿಂದ ನನ್ನ ಲೆಕ್ಕದಲ್ಲಿ ಈ ಲೈಟಿನ ಅಸಲಿ ನಾಬ್ ಅದರ ತಂತಿ.

ಡಬ್ಬಿಯಲ್ಲಿ ನಾಲ್ಕು ಸಣ್ಣ ಉಕ್ಕಿನ ತಂತಿ, ಪ್ರತಿಯೊಂದಕ್ಕೂ ಬೆರಳುಗಾತ್ರದ ಒಂದು ಹಿತ್ತಾಳೆ ಬಣ್ಣದ ಕೊಳವೆ ಇರುತ್ತೆ. ತಂತಿಯನ್ನು ಮೇಲಕ್ಕೆ ಎಳೆದರೆ ಸಲೀಸಾಗಿ ಜಾರುತ್ತೆ, ಬಿಟ್ಟರೆ ಕಚ್ಚಿಕೊಳ್ಳುತ್ತೆ. ಕೆಳಗಿಳಿಸಬೇಕಾದರೆ ಕೊಳವೆಯ ತುದಿ ಒತ್ತಬೇಕು. ಒತ್ತುವಾಗ ಇನ್ನೊಂದು ಕೈ ಲೈಟಿನ ಅಡಿ ಇರಲಿ. ಇಲ್ಲದಿದ್ದರೆ ಆ ಮೂಲೆ ದಡಕ್ಕನೆ ಕೆಳಗೆ ಬರುತ್ತೆ, ಕೆಳಗೆ ಇರೋದು ಉಪ್ಪುನೀರು. ನಾಲ್ಕೂ ಮೂಲೆ ಸಮ ಇದೆಯಾ ಅಂತ ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ನೋಡಿ. ಒಂದು ಕಡೆ ವಾಲಿದರೆ ಆ ಕಡೆ ಗಾಜಿಗೆ ಪಾಚಿ ಬೇಗ ಹಿಡಿಯುತ್ತೆ. ಸೀಲಿಂಗಿಗೆ ತೂತು ಹೊಡೆಯಲು ಮನೆ ಓನರ್ ಒಪ್ಪದಿದ್ದರೆ ಗ್ರಿಲ್ ಕೆಲಸದವರ ಹತ್ತಿರ ಒಂದು ಕಮಾನು ಮಾಡಿಸಿ, ಅಲ್ಯೂಮಿನಿಯಂದೇ ಇರಲಿ. ಕಬ್ಬಿಣಕ್ಕೆ ಎಷ್ಟು ಪೇಂಟ್ ಬಳಿದರೂ ಉಪ್ಪು ಬಿಡಲ್ಲ.

ನೀರಿನಿಂದ ಎತ್ತರ ಎಷ್ಟು? ನನ್ನ ಪೆಟ್ಟಿಗೆಯಲ್ಲಿರೋದು 90 ಡಿಗ್ರಿ ಲೆನ್ಸ್. ಈ ಕೋನದಲ್ಲಿ ಒಂದೊಂದು ಎಲ್‌ಇಡಿಯ ಬೆಳಕೂ ಎತ್ತರದ ಎರಡರಷ್ಟು ಅಗಲಕ್ಕೆ ಹರಡುತ್ತೆ. ಎಂಟು ಇಂಚು ಎತ್ತರಕ್ಕೆ ಹದಿನಾರು ಇಂಚು, ಹನ್ನೆರಡಕ್ಕೆ ಎರಡಡಿ. ನನ್ನ ಟ್ಯಾಂಕಿನ ಉದ್ದವೂ ಎರಡಡಿ, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಹನ್ನೆರಡು ಇಂಚಿಗೆ ಇಟ್ಟರೆ ನಡುವಿನ ಎಲ್‌ಇಡಿಯ ಬೆಳಕೂ ಎರಡೂ ತುದಿ ಮುಟ್ಟುತ್ತೆ. ಕೆಳಗಿಳಿಸಿದರೆ ನಡುಮಧ್ಯಕ್ಕೆ ಎಲ್ಲದರ ಬೆಳಕೂ ಬಂದು ಬೀಳುತ್ತೆ, ಮೂಲೆಗೆ ಅಂಚಿನವುಗಳ ಬೆಳಕು ಮಾತ್ರ. ನಾಬ್ ಇಳಿಸಿದರೆ ನಡುವೂ ಮೂಲೆಯೂ ಒಟ್ಟಿಗೆ ಕಪ್ಪಾಗುತ್ತವೆ. ಎತ್ತರ ಏರಿಸಿದರೆ ನಡುವಿನ ಉರಿ ತಗ್ಗುತ್ತೆ, ಮೂಲೆಗೆ ಪಾಲು ಸಿಗುತ್ತೆ.

ಬೆಂಗಳೂರಿನ ಗೆಳೆಯರೊಬ್ಬರು ನೀರೊಳಗೆ ಪಾರ್ ಅಳೆಯೋ ಅಪೋಜಿ ಕಂಪನಿಯ ಮೀಟರ್ ಕೊಟ್ಟಿದ್ದರು. ನೀಲಿ ಅರ್ಧ, ಬಿಳಿ ಸ್ವಲ್ಪವೇ ಇಟ್ಟು ಎಂಟು ಇಂಚಿನಿಂದ ಅಳೆದಾಗ ಕಲ್ಲಿನ ತುದಿಯಲ್ಲಿ 220 ದಾಟಿತ್ತು, ಮರಳಿನ ಮೂಲೆಯಲ್ಲಿ 35. ನಾಬ್ ಮುಟ್ಟದೆ ಹನ್ನೆರಡಕ್ಕೆ ಏರಿಸಿದಾಗ ಕಲ್ಲಿನ ತುದಿ 150ಕ್ಕೆ ಇಳಿಯಿತು, ಮೂಲೆ 45ಕ್ಕೆ ಬಂತು. ನನಗೆ ಬೇಕಾಗಿದ್ದೂ ಅದೇ. ಸ್ಟುಡಿಯೋದಲ್ಲಿ ನಾವು ಹೇಳೋ 'ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು' ಅನ್ನೋ ಲೆಕ್ಕ ಇಲ್ಲಿ ಹಾಗೇ ಕೂರಲ್ಲ. ಲೆನ್ಸ್ ಇದೆ, ಗಾಜು ಬೆಳಕನ್ನು ಒಳಕ್ಕೇ ತಿರುಗಿಸುತ್ತೆ, 55 ದೀಪ ಅಗಲಕ್ಕೆ ಹರಡಿವೆ.

ಮೀಟರ್ ಸಿಗದವರು ಮೊಬೈಲಿನ ಲಕ್ಸ್ ಆ್ಯಪ್ ನಂಬಬೇಡಿ. ನನ್ನ ಫ್ಲಾಶ್ ಮೀಟರ್ ಕೂಡ ಅಷ್ಟೇ. ಎರಡೂ ಮನುಷ್ಯರ ಕಣ್ಣಿನ ಲೆಕ್ಕದಲ್ಲಿ ಹಸಿರಿಗೆ ಜಾಸ್ತಿ ಬೆಲೆ ಕೊಡುತ್ತವೆ, ನೀಲಿಯನ್ನು ಕಡಿಮೆ ತೋರಿಸುತ್ತವೆ. ಅದಕ್ಕಿಂತ ಕೋರಲ್ ನೋಡೋದೇ ವಾಸಿ. ಜೋವಾ ಕತ್ತು ಉದ್ದ ಮಾಡಿ ಮೇಲಕ್ಕೆ ಚಾಚಿದರೆ ಬೆಳಕು ಸಾಲದು. ಮಶ್ರೂಮ್ ಬಟ್ಟಲಿನ ಹಾಗೆ ಮೇಲಕ್ಕೆ ಬಾಯಿ ತೆರೆದರೂ ಅದೇ. ಅಂಚು ಮುದುಡಿ, ಬಣ್ಣ ತೆಳುವಾಗಿ ಚಿಕ್ಕದಾದರೆ ಬೆಳಕು ಜಾಸ್ತಿ. ಲೆದರ್ ಕೆಲವು ದಿನ ಮುದುಡಿಕೊಂಡು ಮೇಣದಂಥ ಪೊರೆ ಕಳಚುತ್ತೆ. ಅದು ಅದರ ಸ್ವಭಾವ, ಲೈಟಿನ ಮೇಲೆ ಹೊರಿಸಬೇಡಿ.

ಹೊಸ ಕೋರಲ್ ತಂದಾಗ ಮರಳಿನ ಮೇಲೆ ಇಡಿ. ವಾರಕ್ಕೊಮ್ಮೆ ನಾಬ್ ಒಂಚೂರು ಏರಿಸಿ, ಇಲ್ಲವೇ ತಂತಿ ಒಂದಿಂಚು ಇಳಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಲೈಟ್ ಮಾರಿದವರು ಮಾತ್ರ ಫೋನಿನಲ್ಲಿ 'ನೂರಕ್ಕೆ ಇಟ್ಟುಬಿಡಿ ಸರ್, ಬೆಳವಣಿಗೆ ಜೋರು' ಅಂದರು. ಅವರ ಹೆಸರು ಬೇಡ.

ಎತ್ತರದಿಂದ ಇನ್ನೊಂದು ಲಾಭ ಇದೆ, ಅಂಗಡಿಯವರು ಹೇಳದ್ದು. ಏಪ್ರಿಲಿನಲ್ಲಿ ನಮ್ಮ ಊರಿನ ಸೆಕೆಗೆ ಟ್ಯಾಂಕ್ ನೀರು 29 ಡಿಗ್ರಿ ದಾಟುತ್ತೆ, ಇರಬೇಕಾದ್ದು 25ರಿಂದ 27. ಲೈಟಿಗೂ ನೀರಿಗೂ ಒಂದಡಿ ಜಾಗ ಇದ್ದರೆ ಮಧ್ಯೆ ಕ್ಲಿಪ್ ಫ್ಯಾನ್ ಹಾಕಬಹುದು. ಗಾಳಿ ನೀರಿನ ಮೇಲೆ ಹಾದು ಎರಡು ಡಿಗ್ರಿ ಇಳಿಸುತ್ತೆ. ಆವಿಯಾದಷ್ಟು ಆರ್‌ಓ ನೀರು ದಿನಾ ಹಾಕಬೇಕು, ಅಷ್ಟೇ. ಲೈಟ್ ಹತ್ತಿರ ಇಟ್ಟರೆ ಲೆನ್ಸಿಗೆ ಉಪ್ಪಿನ ಹನಿ ಬೇರೆ ಹಾರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ದಿನ ಬೆಳಕು ಜಾಸ್ತಿ ಆಗಿರುತ್ತೆ, ನೋಡ್ಕೊಳ್ಳಿ.

ಟೈಮರ್ ಪೆಟ್ಟಿಗೆಯಲ್ಲಿಲ್ಲ. ಎರಡು ವೈರಿಗೆ ಎರಡು ಕೊಳ್ಳಬೇಕು. ನೀಲಿ ಬೆಳಿಗ್ಗೆ 11ರಿಂದ ರಾತ್ರಿ 9, ಬಿಳಿ ಮಧ್ಯಾಹ್ನದಿಂದ ಸಂಜೆ 6, ಇದು ನನ್ನ ಕ್ರಮ. ಹಲ್ಲು ಒತ್ತಿ ತಿರುಗಿಸೋ ಟೈಮರ್ ಬೇಡ, ಕರೆಂಟ್ ಹೋದಾಗ ಅದೂ ನಿಲ್ಲುತ್ತೆ. ಮದುವೆ ಸೀಸನ್ನಿನಲ್ಲಿ ನಾನು ತಿಪಟೂರು, ಸಿರಾ ಅಂತ ಸುತ್ತುತ್ತಿರುವಾಗ ರಾತ್ರಿ ಅಮ್ಮ ಫೋನ್ ಮಾಡಿ, 'ಏನಪ್ಪಾ ನಿನ್ನ ಡಾಬಾ ಲೈಟ್ ಇನ್ನೂ ಉರೀತಿದೆ' ಅಂದರು. ಈಗ ಬ್ಯಾಟರಿ ಇರೋ ಡಿಜಿಟಲ್ ಟೈಮರ್.

ಫ್ಯಾನಿನ ಸದ್ದು ಮಲಗೋ ಕೋಣೆಗೆ ಆಗಲ್ಲ, ಹಾಲಿಗೆ ಪರವಾಗಿಲ್ಲ. ವಾರಂಟಿ ಒಂದು ವರ್ಷ ಅಂತ ಬಾಯಲ್ಲಿ ಹೇಳಿದರು, ಬಿಲ್ಲಿನಲ್ಲಿ ಇಲ್ಲ. ಬರೆಸಿಕೊಳ್ಳಿ. ಒಂದಡಿ ಘನದ ಪುಟ್ಟ ಟ್ಯಾಂಕ್ ಇಟ್ಟವರು ಇದರ ತಂಟೆಗೆ ಹೋಗಬೇಡಿ. ಎರಡಡಿಯವರು ಕೊಳ್ಳಿ, ಅದಕ್ಕೂ ಮೊದಲು ಸೀಲಿಂಗಿನ ಕೊಕ್ಕೆ ಹಾಕಿಸಿ.