ಹಾರ್ಲೆ ಟ್ವಿನ್ ಕ್ಯಾಮ್ 103ರ ಕ್ರ್ಯಾಂಕ್: ದೀರ್ಘ ಬಳಕೆಯ ವಿಮರ್ಶೆ

ಹಾರ್ಲೆ-ಡೇವಿಡ್ಸನ್ ಬೈಕ್‌ಗಳ ಟ್ವಿನ್ ಕ್ಯಾಮ್ 103 ಎಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್‌ಗಳ ಮೇಲೆ-ಕೆಳಗಿನ ಓಟವನ್ನು ತಿರುಗಾಟವಾಗಿಸುವ ಭಾಗ) ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಜೀವಮಾನವಿಡೀ ಕೈ ಹಾಕಬೇಕಿಲ್ಲ ಎನ್ನುವವರಿದ್ದಾರೆ, ನಂಬಲೇಬಾರದು ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಕಂಪನಿ ಕೊಟ್ಟ ಸ್ಥಿತಿಯಲ್ಲೇ ಇಟ್ಟುಕೊಂಡು ಹದವಾಗಿ ಓಡಿಸಿದರೆ ಇದು ಗಟ್ಟಿ ಸಾಮಾನು. ಗೇರ್ ಡ್ರೈವ್ ಕ್ಯಾಮ್ (ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ಚೈನ್ ಬದಲು ಗೇರ್ ಹಲ್ಲುಗಳಿಂದ ತಿರುಗಿಸುವ ಜೋಡಣೆ) ಹಾಕಿಸುವ ಇಲ್ಲವೇ ಟಾರ್ಕ್ ಏರಿಸುವ ಯೋಚನೆಯಿದ್ದರೆ ಮಾತ್ರ ಮೊದಲು ಕ್ರ್ಯಾಂಕ್ ಶಾಫ್ಟ್ ಎಷ್ಟು ಓಲಾಡುತ್ತದೆ ಎಂದು ಅಳತೆ ತೆಗೆಯಬೇಕು. ಅಳತೆ ನೋಡದೆ ಭಾಗಗಳನ್ನು ಕೊಳ್ಳಬೇಡಿ.

ಇದು 45 ಡಿಗ್ರಿ ವಿ ಎಂಜಿನ್. ಬೋರ್ 98.4 ಮಿ.ಮೀ., ಸ್ಟ್ರೋಕ್ 111.1 ಮಿ.ಮೀ., 1690 ಸಿಸಿ. ಪಿಸ್ಟನ್‌ಗಳನ್ನು ಕ್ರ್ಯಾಂಕ್‌ಗೆ ಜೋಡಿಸುವ ಎರಡೂ ಕನೆಕ್ಟಿಂಗ್ ರಾಡ್‌ಗಳು ಒಂದೇ ಕ್ರ್ಯಾಂಕ್‌ಪಿನ್ ಮೇಲೆ ಕೂತಿವೆ; ಒಂದರ ಬುಡ ಕವೆಯಂತೆ ಸೀಳಿದ್ದು, ಇನ್ನೊಂದು ಅದರ ನಡುವೆ ಸೇರುತ್ತದೆ. ಹೀಗಾಗಿ ಸಿಲಿಂಡರ್‌ಗಳು ಒಂದೇ ಗೆರೆಯಲ್ಲಿ ನಿಲ್ಲುತ್ತವೆ, ಎಂಜಿನ್ ಅಗಲ ಕಡಿಮೆಯಾಗುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಪಿನ್ನಿನ ತುದಿಗಳು ಟೇಪರ್ ಆಗಿದ್ದವು, ನಟ್ ಹಾಕಿ ಬಿಗಿಯುತ್ತಿದ್ದರು. 1999ರಲ್ಲಿ ಬಂದ ಟ್ವಿನ್ ಕ್ಯಾಮ್‌ನಲ್ಲಿ ನಟ್ ಇಲ್ಲ. ಪಿನ್ನನ್ನು ಅದರ ಎಡಬಲದ ಭಾರಿ ಚಕ್ರಗಳಾದ ಎರಡು ಫ್ಲೈವೀಲ್‌ಗಳೊಳಗೆ ಪ್ರೆಸ್ ಮಾಡಿ ಕೂರಿಸಿರುತ್ತಾರೆ, ಆ ಬಿಗಿತವೇ ಎಲ್ಲವನ್ನೂ ಹಿಡಿದಿಡಬೇಕು.

ತೊಂದರೆಯ ಮೂಲ ಇಲ್ಲೇ ಇದೆ. ಶಕ್ತಿ ಹೊರಹೋಗುವುದು ಎಡಗಡೆಯ ಫ್ಲೈವೀಲ್‌ನಿಂದ, ಕ್ಲಚ್‌ಗೆ ಹೋಗುವ ಪ್ರೈಮರಿ ಚೈನ್ ಕಡೆಗೆ. ಬಲಗಡೆಯ ಭಾರಿ ಫ್ಲೈವೀಲ್ ಎಡದ್ದರೊಂದಿಗೆ ಸೇರಿರುವುದು ಪಿನ್ ಒಂದರ ಮೂಲಕವೇ. ಕ್ಲಚ್ ಥಟ್ಟನೆ ಬಿಟ್ಟಾಗ, ವೇಗದಲ್ಲಿರುವಾಗ ಒಮ್ಮೆಲೇ ಎರಡು ಗೇರ್ ಇಳಿಸಿದಾಗ, ಬರ್ನ್‌ಔಟ್‌ನಲ್ಲಿ ಜಾರುತ್ತಿದ್ದ ಟೈರ್ ದಿಢೀರನೆ ಹಿಡಿತ ಪಡೆದಾಗ ಎಡದ್ದು ತಡೆಯುತ್ತದೆ, ಬಲದ್ದು ತನ್ನ ಓಟದಲ್ಲೇ ಮುಂದೆ ಹೋಗಲು ನೋಡುತ್ತದೆ. ಪಿನ್ ತನ್ನ ರಂಧ್ರದಲ್ಲಿ ಕೂದಲೆಳೆಯಷ್ಟು ಜಾರಿದರೂ ಸಾಕು, ಎರಡು ಕಡೆಯ ಶಾಫ್ಟ್‌ಗಳ ಸೆಂಟರ್ ತಪ್ಪುತ್ತದೆ. ಕ್ರ್ಯಾಂಕ್ ಮುರಿದಿರುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ಅದಕ್ಕೇ ಬಹಳ ಮಂದಿಗೆ ಇದು ತಿಳಿಯುವುದೇ ಇಲ್ಲ.

ಮೊದಲ ಪೆಟ್ಟು ಬೀಳುವುದು ಆಯಿಲ್ ಪಂಪ್‌ಗೆ. ಪಂಪನ್ನು ತಿರುಗಿಸುವುದು ಪಿನಿಯನ್ ಶಾಫ್ಟ್, ಅಂದರೆ ಕ್ರ್ಯಾಂಕ್‌ನ ಬಲಗಡೆಯ ಶಾಫ್ಟ್. ಶಾಫ್ಟ್ ಓಲಾಡಿದರೆ ಪಂಪಿನ ರೋಟರ್ ಗೋಡೆಗೆ ಉಜ್ಜುತ್ತದೆ. ಬಿಚ್ಚಿ ನೋಡಿದರೆ ಕ್ಯಾಮ್‌ಗಳನ್ನು ಹಿಡಿದಿಡುವ ಕ್ಯಾಮ್ ಪ್ಲೇಟ್ ಮೇಲೆ ಒಂದೇ ಮಗ್ಗುಲಲ್ಲಿ ಹೊಳೆಯುವ ಅರ್ಧಚಂದ್ರಾಕಾರದ ಗೀರು ಕಾಣುತ್ತದೆ, ಉಗುರಿಗೂ ಸಿಗುತ್ತದೆ. ಆಮೇಲೆ ಕ್ರ್ಯಾಂಕ್‌ಕೇಸ್‌ನಿಂದ ಆಯಿಲ್ ಎತ್ತುವ ಶಕ್ತಿ ಕುಂದುತ್ತದೆ. ಆಯಿಲ್ ಕೆಳಗೇ ನಿಂತು ಎಂಜಿನ್ ಭಾರವಾಗುತ್ತದೆ, ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಮೂಲಕ ಏರ್ ಕ್ಲೀನರ್‌ಗೆ ಆಯಿಲ್ ಬರುತ್ತದೆ.

ಅಳತೆ ತೆಗೆಯುವುದಕ್ಕೆ ಎಂಜಿನ್ ಕೆಳಗಿಳಿಸಬೇಕಿಲ್ಲ. ಹಿಂದಿನ ಚಕ್ರ ನೆಲದಿಂದ ಎತ್ತಿ, ಎರಡೂ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಕ್ಯಾಮ್ ಕವರ್, ಪುಶ್‌ರಾಡ್, ಚೈನ್ ಟೆನ್ಷನರ್, ಕ್ಯಾಮ್ ಪ್ಲೇಟ್, ಆಯಿಲ್ ಪಂಪ್ ಕಳಚಿದರೆ ಪಿನಿಯನ್ ಶಾಫ್ಟ್ ಎದುರಿಗೆ ಬರುತ್ತದೆ. ಡಯಲ್ ಗೇಜಿನ ತುದಿಯನ್ನು ಶಾಫ್ಟಿನ ದುಂಡಗಿನ ಭಾಗಕ್ಕೆ ತಾಗಿಸಿ. ಚಪ್ಪಟೆ ಮುಖದ ಮೇಲೆ ಇಟ್ಟರೆ ರೀಡಿಂಗ್ ಸುಳ್ಳಾಗುತ್ತದೆ. ಟಾಪ್ ಗೇರ್ ಹಾಕಿ ಚಕ್ರವನ್ನು ಕೈಯಿಂದ ನಿಧಾನವಾಗಿ ಮುಂದಕ್ಕೆ ಮಾತ್ರ ತಿರುಗಿಸಿ. ಮುಳ್ಳು ತೋರಿಸಿದ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ನಡುವಿನ ಪೂರ್ತಿ ಅಂತರವೇ ರನ್‌ಔಟ್, ಅದನ್ನು ಅರ್ಧ ಮಾಡಬಾರದು. ಗೇರ್ ಡ್ರೈವ್ ಕ್ಯಾಮ್‌ಗೆ 0.003 ಇಂಚು, ಅಂದರೆ ಸುಮಾರು 0.076 ಮಿ.ಮೀ. ಮಿತಿ. ಅದು ದಾಟಿದರೆ ಹಲ್ಲುಗಳು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿ ಕೂಗುತ್ತವೆ, ಬೇಗ ಸವೆಯುತ್ತವೆ. ಚೈನ್ ಡ್ರೈವ್ ಇದಕ್ಕಿಂತ ಹೆಚ್ಚು ಸಹಿಸುತ್ತದೆ. ಕಂಪನಿಯ ಮ್ಯಾನ್ಯುಯಲ್ 0.012 ಇಂಚಿನವರೆಗೂ ಒಪ್ಪುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ತೀರಾ ಉದಾರವಾದ ಮಿತಿ. ಅದರ ಅರ್ಧ ದಾಟಿದ ಕ್ರ್ಯಾಂಕ್‌ಗೆ ಶಕ್ತಿ ಏರಿಸುವ ದೊಡ್ಡ ಕಿಟ್ ಹಾಕಿಸುವುದು ಹಣ ಹಾಳು ಮಾಡಿದಂತೆ.

ಬಿಗ್ ಎಂಡ್ (ರಾಡ್‌ನ ಬುಡ ಕ್ರ್ಯಾಂಕ್‌ಪಿನ್ ಮೇಲೆ ತಿರುಗುವ ಜಾಗ) ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಡ್ ಅಕ್ಕಪಕ್ಕಕ್ಕೆ ಅಲ್ಲಾಡುವುದು ಸಹಜ, ಅಷ್ಟಕ್ಕೇ ಎಂಜಿನ್ ಬಿಚ್ಚಿಸುವವರಿದ್ದಾರೆ. ಮೇಲೆ-ಕೆಳಗೆ ಆಟ ಸಿಕ್ಕರೆ ಮಾತ್ರ ಬೇರಿಂಗ್ ಮುಗಿದಿದೆ ಎಂದರ್ಥ.

ಸೆಂಟರ್ ತಪ್ಪಿದ ಕ್ರ್ಯಾಂಕನ್ನು ಸರಿಮಾಡಬಹುದು. ಆದರೆ ಹೊಡೆದು ನೇರ ಮಾಡಿದಷ್ಟಕ್ಕೇ ಬಿಟ್ಟರೆ, ಒಮ್ಮೆ ಜಾರಿದ ಪಿನ್ ಮತ್ತೆ ಜಾರುವ ಸಾಧ್ಯತೆ ಇದ್ದೇ ಇದೆ. ಟ್ರೂ ಮಾಡಿದ, ಅಂದರೆ ಸೆಂಟರ್ ಸರಿಗೊಳಿಸಿದ ಮೇಲೆ ಟೊಳ್ಳು ಪಿನ್ನಿಗೆ ಪ್ಲಗ್ ಹಾಕಿ, ಪಿನ್ನಿನ ಎರಡೂ ತುದಿಗಳನ್ನು ಫ್ಲೈವೀಲ್‌ಗೆ ಟಿಗ್ ವೆಲ್ಡಿಂಗ್ ಮಾಡಿಸಬೇಕು. ಬಿಸಿಗೆ ಎಳೆದುಕೊಳ್ಳುವುದರಿಂದ ವೆಲ್ಡ್ ಆದ ಮೇಲೆ ಇನ್ನೊಮ್ಮೆ ಗೇಜ್ ಇಡಲೇಬೇಕು. ಮುಂದೆ ಬಿಗ್ ಎಂಡ್ ಬದಲಿಸುವಾಗ ಆ ವೆಲ್ಡ್ ಕತ್ತರಿಸಬೇಕಾಗುತ್ತದೆ, ಅದನ್ನು ತಿಳಿದೇ ಮಾಡಿಸಿ. ಎಡಗಡೆಯ ಮೇನ್ ಬೇರಿಂಗ್ 2003ರಿಂದ ಟಿಮ್‌ಕೆನ್ (ಟೇಪರ್ ರೋಲರ್ ಬೇರಿಂಗ್) ಬದಲು ಸಾದಾ ರೋಲರ್ ಆಯಿತು. ಕೇಸ್ ಹೇಗೂ ತೆರೆದಿರುವಾಗ ಟಿಮ್‌ಕೆನ್‌ಗೆ ಮರಳುವುದು ಒಳ್ಳೆಯ ಖರ್ಚು.

ಇಂಡಿಯನ್ ಮೋಟರ್‌ಸೈಕಲ್ ಕಂಪನಿಯ ಥಂಡರ್ ಸ್ಟ್ರೋಕ್ 111ರಂಥ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದೇ ತುಂಡಿನ ಫೋರ್ಜಿಂಗ್. ಅಲ್ಲಿ ಪಿನ್ ಜಾರುವ ಪ್ರಶ್ನೆಯೇ ಇಲ್ಲ. ಬದಲಿಗೆ ಅದರ ಪ್ಲೇನ್ (ರೋಲರ್ ಇಲ್ಲದೆ ಆಯಿಲ್ ಪದರದ ಮೇಲೆ ತಿರುಗುವ) ಬೇರಿಂಗ್‌ಗಳಿಗೆ ಆಯಿಲ್ ಒತ್ತಡ ತಪ್ಪದೆ ಸಿಗಬೇಕು. ಒತ್ತಡ ಕೈಕೊಟ್ಟಾಗ ರೋಲರ್ ಬೇರಿಂಗ್ ಅದಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ.

ದಿನನಿತ್ಯದ ಓಟದಲ್ಲಿ ಕಂಪೆನ್ಸೇಟರ್ ಮೇಲೆ ಕಣ್ಣಿಡಿ. ಎಂಜಿನ್ ಸ್ಪ್ರಾಕೆಟ್‌ನಲ್ಲಿರುವ ಆ ಸ್ಪ್ರಿಂಗ್ ಜೋಡಣೆ ಸವೆದರೆ ಪ್ರತಿ ಜರ್ಕ್ ನೇರ ಪಿನ್ನಿಗೇ ಹೋಗುತ್ತದೆ. ಸ್ಟಾರ್ಟ್ ಮಾಡುವಾಗ ಠಣ್ ಎಂಬ ಪೆಟ್ಟು, ಐಡಲ್‌ನಲ್ಲಿ ಪ್ರೈಮರಿಯೊಳಗೆ ಗಡಗಡ ಕೇಳಿದರೆ ತಡ ಮಾಡಬೇಡಿ. ಬ್ಯಾಟರಿ ಬಲ ಕಳೆದುಕೊಂಡಾಗ ಎಂಜಿನ್ ಹಿಂದಕ್ಕೆ ಒದೆಯುವುದೂ ಇದೇ ಬಗೆಯ ಹೊಡೆತ, ಹಾಗಾಗಿ ಬ್ಯಾಟರಿ ಪೂರ್ತಿ ಕುಸಿಯುವವರೆಗೆ ಕಾಯಬೇಡಿ. ಟಾಪ್ ಗೇರ್‌ನಲ್ಲಿ 2000 ಆರ್‌ಪಿಎಂಗಿಂತ ಕೆಳಗೆ ಥ್ರಾಟಲ್ ತಿರುಚಿ ಎಳೆಸುವುದು ಬಿಗ್ ಎಂಡ್‌ಗೆ ಸುತ್ತಿಗೆ ಏಟು; ಒಂದು ಗೇರ್ ಇಳಿಸಿ. ಸೆಕೆಂಡ್ ಹ್ಯಾಂಡ್ ಗಾಡಿಗೆ ಕ್ಯಾಮ್ ಬದಲಿಸಿದ್ದೇವೆ ಎಂದು ಮಾಲೀಕರು ಹೇಳಿದರೆ ಆಗ ತೆಗೆದ ರನ್‌ಔಟ್ ರೀಡಿಂಗ್ ಕೇಳಿ. ರೀಡಿಂಗ್ ಇಲ್ಲದಿದ್ದರೆ ಕ್ಯಾಮ್ ಕವರ್ ತೆಗೆಸಿ ಅಳೆಸುವ ಖರ್ಚನ್ನು ಗಾಡಿಯ ಬೆಲೆಯಲ್ಲೇ ಕಳೆದು ಮಾತಾಡಿ.