ಪಿಕಪ್‌ನ ಸೈಲೆನ್ಸರ್ ಸದ್ದು: ಸರ್ವೀಸ್ ಸೆಂಟರೋ, ವೆಲ್ಡಿಂಗ್ ಅಂಗಡಿಯೋ, ಒಂದು ತುಂಡು ಪೈಪೋ?

ಮೊದಲೇ ಹೇಳಿಬಿಡುತ್ತೇನೆ. ಪಿಕಪ್ ಗಾಡಿಯ ಹೊಗೆ ಪೈಪಿನ ಕಡೆಯಿಂದ ಹೊಸ ಸದ್ದು ಶುರುವಾದರೆ ಅದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚಲು ನನ್ನ ಓಟು ಕಿವಿಗಿಟ್ಟು ಕೇಳುವ ಒಂದು ತುಂಡು ರಬ್ಬರ್ ಪೈಪಿಗೆ. ಅದಾದ ಮೇಲೆ ಹಳೇ ಸೈಲೆನ್ಸರ್ ಮಿಸ್ತ್ರಿಗೆ. ಸರ್ವೀಸ್ ಸೆಂಟರ್ ಮೂರನೇದು, ಆನ್‌ಲೈನಲ್ಲಿ ಸಿಗುವ ಮೆಕ್ಯಾನಿಕ್ ಸ್ಟೆತೋಸ್ಕೋಪ್ ಕೊನೇದು. ಒಂದೇ ಗಾಡಿ, ಒಂದೇ ಸದ್ದು, ನಾಲ್ಕನ್ನೂ ನೋಡಿದ್ದಾಯಿತು.

ನನ್ನದು ಬಿಎಸ್-4 (ಹೊಗೆ ನಿಯಮದ ಹಿಂದಿನ ಹಂತ) ಡೀಸೆಲ್ ಪಿಕಪ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಗಾಡಿ. ಸೀಜನ್ನಲ್ಲಿ ಹಳ್ಳಿಗಳಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ, ಆಮೇಲೆ ಚನ್ನಗಿರಿ ಕಡೆಯ ಅಡಿಕೆ, ನಡುವೆ ಚಿತ್ರದುರ್ಗಕ್ಕೆ ಸಿಕ್ಕ ಬಾಡಿಗೆ. ಬೆಳಗಿನ ಜಾವ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು. ರೇಸ್ ಕೊಟ್ಟರೆ ಅದೂ ಜೋರಾಗುತ್ತಿತ್ತು. ಹದಡಿ ರಸ್ತೆಗೆ ಬರುವಷ್ಟರಲ್ಲಿ ಮಾಯ.

ಈ ಮಾಯವಾಗುವುದೇ ದೊಡ್ಡ ತಲೆನೋವು. ಮಿಕ್ಕಿದ್ದೆಲ್ಲ ಇದರ ಮುಂದೆ ಏನೂ ಅಲ್ಲ.

ಯಾಕೆ ಹೀಗೆ ಅಂದರೆ, ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ, ಎಂಜಿನ್ನಿಗೆ ಅಂಟಿಕೊಂಡಿರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಕದ ಕಬ್ಬಿಣದ್ದು. ಅದರ ಮತ್ತು ಎಂಜಿನ್ ಹೆಡ್ಡಿನ ನಡುವೆ ಒಂದು ತೆಳು ಪ್ಯಾಕಿಂಗ್. ಸ್ಟಡ್ಡು (ತಲೆಯಿಲ್ಲದ ಬೋಲ್ಟು) ನಟ್ಟುಗಳು ಅದನ್ನು ಒತ್ತಿ ಹಿಡಿದಿರುತ್ತವೆ. ಒಂದು ಸ್ಟಡ್ ಮುರಿದರೆ ಅಥವಾ ಪ್ಯಾಕಿಂಗ್ ಸುಟ್ಟರೆ ಕೂದಲೆಳೆಯಷ್ಟು ಸಂದಿ ಬೀಳುತ್ತದೆ. ಒಂದೊಂದು ಸಿಲಿಂಡರ್ ಹೊಗೆ ತಳ್ಳಿದಾಗಲೂ ಆ ಸಂದಿಯಿಂದ ಗಾಳಿ ಸಿಡಿಯುತ್ತದೆ. ಅದೇ ಟಿಕ್ ಟಿಕ್. ಎಂಜಿನ್ ಕಾದಂತೆ ಕಬ್ಬಿಣ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ. ಸದ್ದು ನಿಂತಿತು ಅಂತ ನಮಗೆ ಖುಷಿ. ರಾತ್ರಿ ತಣ್ಣಗಾದರೆ ಕುಗ್ಗಿ ಮತ್ತೆ ಬಾಯಿ ಬಿಡುತ್ತದೆ.

ಈಗ ಯೋಚನೆ ಮಾಡಿ. ಗ್ಯಾರೇಜಿನವರು ಬಾಗಿಲು ತೆಗೆಯುವುದು ಒಂಬತ್ತಕ್ಕೋ ಹತ್ತಕ್ಕೋ. ನಾವು ಅಲ್ಲಿಗೆ ಗಾಡಿ ಓಡಿಸಿಕೊಂಡೇ ಹೋಗಬೇಕು. ಹೋಗುವಷ್ಟರಲ್ಲಿ ಎಂಜಿನ್ ಕಾದಿರುತ್ತದೆ. ಅವರು ಬಾನೆಟ್ ಎತ್ತಿ ಕೇಳಿದರೆ ಏನೂ ಇಲ್ಲ! "ಸರ್, ಸದ್ದೇ ಬರ್ತಿಲ್ಲವಲ್ಲ" ಅಂತ ಮುಖ ನೋಡುತ್ತಾರೆ. ತಣ್ಣಗಾಗಲಿ ಅಂತ ಸಂಜೆವರೆಗೆ ನಿಲ್ಲಿಸಿದರೂ, ನಡುವೆ ಯಾರೋ ಜಾಗ ಬದಲಿಸಲು ಸ್ಟಾರ್ಟ್ ಮಾಡಿರುತ್ತಾರೆ. ಮತ್ತೆ ಬಿಸಿ. ಬಾಡಿಗೆ ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಯಿತು, ಡ್ರೈವರ್ ಬತ್ತೆ ಮಾತ್ರ ಕೊಡಲೇಬೇಕು.

ನಾನು ಹೋದ ಸರ್ವೀಸ್ ಸೆಂಟರಿನಲ್ಲಿ ಆಗಿದ್ದೂ ಇದೇ. ಮರ್ಯಾದೆಯಿಂದ ಮಾತಾಡಿಸಿದರು, ಎಸಿ ರೂಮಿನಲ್ಲಿ ಕೂರಿಸಿದರು, ಕಂಪ್ಯೂಟರ್ ಹಚ್ಚಿ ನೋಡಿದರು. ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ. ಬರುವುದೂ ಕಷ್ಟ, ಏಕೆಂದರೆ ಇಷ್ಟು ಸಣ್ಣ ಸಂದಿಗೆ ನನ್ನಂಥ ಗಾಡಿಯಲ್ಲಿ ಯಾವ ಲೈಟೂ ಹತ್ತುವುದಿಲ್ಲ. ಕೊನೆಗೆ ಗಾಡಿ ಕೆಳಗೆ ಬಗ್ಗಿ ನೋಡಿ ತುಕ್ಕು ಹಿಡಿದಿದೆ ಅಂತ ಪೂರ್ತಿ ಸೈಲೆನ್ಸರ್ ಬದಲಿಸಲು ಎಸ್ಟಿಮೇಟ್ ಬರೆದರು. ಸಾವಿರಗಳ ಲೆಕ್ಕ. ಬಾನೆಟ್ ಒಳಗೆ ಬರುವ ಸದ್ದಿಗೆ ಹಿಂದಿನ ಡಬ್ಬ ಬದಲಿಸಿದರೆ ಏನು ಬಂತು? ನಾನು ಎಸ್ಟಿಮೇಟ್ ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ಸ್ಟೆತೋಸ್ಕೋಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ತುದಿಯಲ್ಲಿ ಕಬ್ಬಿಣದ ಕಡ್ಡಿ ಇರುತ್ತದೆ. ಬೇರಿಂಗಿಗೆ ಒಳ್ಳೆಯದು. ಗಾಳಿ ಸೋರಿಕೆಗೆ ಬೇಡ, ವಾಲ್ವ್ ತಟ್ಟುವ ಟ್ಯಾಪೆಟ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎಲ್ಲದರ ಸದ್ದೂ ಒಟ್ಟಿಗೆ ಕಿವಿಗೆ ಬಡಿಯುತ್ತದೆ.

ಇನ್ನು ನನ್ನ ರಬ್ಬರ್ ಪೈಪ್. ಸುಮಾರು ಒಂದು ಮೀಟರ್, ಬೆರಳು ದಪ್ಪದ್ದು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ರಾತ್ರಿಯಿಡೀ ನಿಂತ ಗಾಡಿ ಮನೆ ಮುಂದೆಯೇ ಇರುತ್ತದಲ್ವಾ, ಅದೇ ನಮ್ಮ ಅನುಕೂಲ. ಡ್ರೈವರಿಗೆ ಸ್ಟಾರ್ಟ್ ಮಾಡಲು ಹೇಳಿ, ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡ್ ಅಂಚಿನ ಉದ್ದಕ್ಕೂ ನಿಧಾನವಾಗಿ ಸರಿಸುತ್ತಾ ಹೋಗಬೇಕು. ಯಾವುದಕ್ಕೂ ತಾಗಿಸಬಾರದು, ಫ್ಯಾನು ಬೆಲ್ಟಿನಿಂದ ದೂರ ಇರಬೇಕು, ತೋಳು ಸಡಿಲ ಇರುವ ಅಂಗಿ ಬೇಡವೇ ಬೇಡ. ಸಂದಿಯ ಎದುರಿಗೆ ಬಂದಾಗ ಸದ್ದು ಒಮ್ಮೆಲೇ ಕಿವಿಯೊಳಗೆ ಚಟ್ ಚಟ್ ಅಂತ ಹೊಡೆಯುತ್ತದೆ. ಎರಡು ಬೆರಳಷ್ಟು ಆಚೆ ಸರಿಸಿದರೆ ಇಲ್ಲ. ನನ್ನ ಗಾಡಿಯಲ್ಲಿ ಅದು ಕೊನೇ ಸಿಲಿಂಡರಿನ ಹಿಂಬದಿ. ಎಂಜಿನ್ ಆಫ್ ಮಾಡಿ ಟಾರ್ಚ್ ಬಿಟ್ಟು ನೋಡಿದರೆ ಅಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಕಪ್ಪು ಮಸಿ ಹರಡಿತ್ತು. ಬೆರಳಲ್ಲಿ ಒರೆಸಿದರೆ ಒಣ ಮಸಿ, ಎಣ್ಣೆ ಜಿಡ್ಡಿಲ್ಲ. ಅಲ್ಲಿನ ಒಂದು ಸ್ಟಡ್ಡಿನ ಹೊರತುದಿಯೇ ಇರಲಿಲ್ಲ, ನಟ್ಟಿನ ಸಮೇತ ಮುರಿದು ಬಿದ್ದಿತ್ತು. ಹಿಗ್ಗುವುದು ಕುಗ್ಗುವುದು ಎರಡೂ ತುದಿಗಳಲ್ಲೇ ಜಾಸ್ತಿ, ಅದಕ್ಕೇ ತುದಿಯ ಸ್ಟಡ್ಡುಗಳು ಮೊದಲು ಹೋಗುತ್ತವೆ.

ಅನುಮಾನ ಉಳಿದರೆ ಇನ್ನೊಂದು ಉಪಾಯ. ಒಬ್ಬರು ದಪ್ಪ ಒದ್ದೆ ಬಟ್ಟೆಯನ್ನು ಹಿಂದಿನ ಪೈಪಿನ ಬಾಯಿಗೆ ಕೆಲವೇ ಕ್ಷಣ ಒತ್ತಿ ಹಿಡಿಯಲಿ. ಒಳಗೆ ಒತ್ತಡ ಏರಿ ಸೋರುವ ಜಾಗದ ಸದ್ದು ಜೋರಾಗುತ್ತದೆ. ಇದನ್ನು ಬಯಲಲ್ಲೇ ಮಾಡಿ. ಶೆಡ್ ಬಾಗಿಲು ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದರೆ ಹೊಗೆ ಜೀವಕ್ಕೇ ಕುತ್ತು.

ಎಂಜಿನ್ ಕಾದ ಮೇಲೂ ಸದ್ದು ಹೋಗದೆ, ಇಂಜೆಕ್ಟರ್ ಬುಡದಲ್ಲಿ ಟಾರಿನಂಥ ಕಪ್ಪು ಗಟ್ಟಿ ಕಟ್ಟಿದ್ದರೆ ಅದು ಎಕ್ಸಾಸ್ಟ್ ಅಲ್ಲ, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್. ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಮಾಡುವ ಅಂಗಡಿಗೆ ಹೋಗಿ.

ಗಡಗಡ ಅಂದರೆ ಹೆಚ್ಚಾಗಿ ಶಾಖ ತಡೆಯುವ ತಗಡು ಸಡಿಲ. ಡುರ್ ಅಂತ ಊರಿಗೆಲ್ಲ ಕೇಳಿದರೆ ಸೈಲೆನ್ಸರ್ ತೂತು. ಲೋಡ್ ಹಾಕಿ ದುರ್ಗದ ಕಡೆ ಏರು ಹತ್ತುವಾಗ ಮಾತ್ರ ಸುಯ್ ಅಂದು ಗಾಡಿಯ ಎಳೆತ ಕಡಿಮೆಯಾದರೆ ಮೊದಲು ಟರ್ಬೊದ ಗಾಳಿ ಹೋಸುಗಳನ್ನು ನೋಡಿ.

ಜಾಗ ಗೊತ್ತಾದ ಮೇಲೆ ರಿಪೇರಿಗೆ ಹಳೇ ಪಿ.ಬಿ. ರಸ್ತೆ ಕಡೆಯ ಮಿಸ್ತ್ರಿ ಹತ್ತಿರ ಹೋದೆ. ನಾನು ಬೆರಳು ತೋರಿಸಿದರೂ ಅವರು ನಂಬಲಿಲ್ಲ. ಅದು ನನಗೆ ಬಹಳ ಹಿಡಿಸಿತು. "ಸಂಜೆ ತಂದು ಬಿಟ್ಟು ಹೋಗ್ರಿ ಅಣ್ಣ, ಬೆಳಿಗ್ಗೆ ತಣ್ಣಗಿದ್ದಾಗ ನಾನೇ ಸ್ಟಾರ್ಟ್ ಮಾಡಿ ಕೇಳ್ತೀನಿ, ಬೇರೆ ಯಾರೂ ಕೀ ಮುಟ್ಟಂಗಿಲ್ಲ" ಅಂದರು. ಮಾತಿನಂತೆ ನಡೆದರು. ಒಳಗೇ ಉಳಿದಿದ್ದ ಸ್ಟಡ್ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಹೊಡೆದು, ಅದನ್ನೇ ತಿರುಗಿಸಿ ಹೊರಗೆ ತೆಗೆದರು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿದೆ. ಕಾಮನ್‌ರೈಲ್ ಗಾಡಿಯಲ್ಲಿ, ಅಂದರೆ ಕಂಪ್ಯೂಟರೇ ಡೀಸೆಲ್ ಅಳೆದು ಬಿಡುವ ಗಾಡಿಯಲ್ಲಿ, ಇದನ್ನು ಮರೆತರೆ ಎಂಜಿನ್ ಕಂಪ್ಯೂಟರ್ ಸುಡಬಹುದು, ಎದುರಿಗೆ ನಿಂತೇ ಮಾಡಿಸಿ. ಪ್ಯಾಕಿಂಗ್, ಸ್ಟಡ್ಡು, ಕೂಲಿ ಎಲ್ಲ ಸೇರಿದರೂ ಆ ಎಸ್ಟಿಮೇಟಿನ ಹತ್ತಿರಕ್ಕೂ ಹೋಗಲಿಲ್ಲ. ಬಿಲ್ ಕೊಡಲಿಲ್ಲ, ವಾರಂಟಿಯೂ ಇಲ್ಲ. ನನಗೆ ಅಡ್ಡಿಯಿಲ್ಲ.

ಎಲ್ಲರಿಗೂ ಇದೇ ಸರಿ ಅನ್ನುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿ, ಅದರಲ್ಲೂ ವಾರಂಟಿ ಇನ್ನೂ ಇದ್ದರೆ, ಸರ್ವೀಸ್ ಸೆಂಟರಿಗೇ ಹೋಗಿ. ಹೊಗೆ ಪೈಪಿನ ಮೇಲೆ ಸೆನ್ಸರುಗಳಿರುತ್ತವೆ, ವೆಲ್ಡಿಂಗ್ ಅಂಗಡಿಯವರು ಕೈಹಾಕಿದರೆ ಕ್ಲೇಮ್ ತಕರಾರಾಗುತ್ತದೆ. ಆದರೆ ಹಿಂದಿನ ರಾತ್ರಿಯೇ ಗಾಡಿ ಬಿಟ್ಟು, ಬೆಳಿಗ್ಗೆ ನೀವು ಬರುವ ತನಕ ಸ್ಟಾರ್ಟ್ ಮಾಡಬಾರದು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು.