ಸಾಲುಮನೆಗೆ ಯಾವ ನೆಲ? ಟೈಲ್ಸ್, ರೆಡ್ ಆಕ್ಸೈಡ್, ಶಹಾಬಾದ್ ಕಲ್ಲು ಮೂರನ್ನೂ ಹಾಕಿಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಮಾಡುವ ನೆಲಕ್ಕೆ, ಅಂದರೆ ರೆಡ್ ಆಕ್ಸೈಡ್‌ಗೆ. ಟೈಲ್ಸ್‌ಗೆ ದುಡ್ಡು ಸುರಿದ ಮೇಲೆ ಬಂದ ಬುದ್ಧಿ ಇದು, ಹಾಗಾಗಿ ಸ್ವಲ್ಪ ಸಿಟ್ಟೂ ಬೆರೆತಿದೆ.

ನಮ್ಮದು ಮೈಸೂರಿನ ಒಂಟಿಕೊಪ್ಪಲಿನ ಹಳೇ ಸಾಲುಮನೆ. ಎರಡೂ ಪಕ್ಕದ ಗೋಡೆ ನೆರೆಯವರ ಜೊತೆ ಹಂಚಿಕೊಂಡದ್ದು. ಬೆಳಕು ಬರುವುದು ಮುಂದಿನ ಕಿಟಕಿ, ಹಿತ್ತಲ ಬಾಗಿಲು, ನಡುಮನೆಯ ಗವಾಕ್ಷಿ, ಇಷ್ಟರಿಂದಲೇ. ನೆಲ ಅಲ್ಲಲ್ಲಿ ಕಿತ್ತು ಬಂದಿತ್ತು. ಮೂರು ವರ್ಷದ ಹಿಂದೆ ಹಾಲ್‌ಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಹೋದ ವರ್ಷ ನಡುಮನೆಗೆ ರೆಡ್ ಆಕ್ಸೈಡ್, ಹಿತ್ತಲಿಗೆ ಶಹಾಬಾದ್ ಕಲ್ಲು.

ಟೈಲ್ಸ್ ಕೆಲಸದ ಮೊದಲ ದಿನ ಹಳೇ ನೆಲಕ್ಕೆ ಸುತ್ತಿಗೆ ಬಿದ್ದದ್ದೇ ತಡ, ಪಕ್ಕದ ಮನೆ ಆಂಟಿ ಬಂದರು. "ನಮ್ಮ ಶೋಕೇಸಲ್ಲಿ ಲೋಟ ಎಲ್ಲ ಕುಣೀತಿವೆ ಕಣಪ್ಪ." ಗೋಡೆ ಒಂದೇ ಅಲ್ವಾ, ತಪ್ಪು ಅವರದ್ದಲ್ಲ. ಮೇಸ್ತ್ರಿ ಸುಲಭದ ದಾರಿ ತೋರಿಸಿದ: "ಅಗೆಯೋದೇ ಬೇಡ ಸಾರ್, ಮೇಲೇ ಹಾಕ್ಬಿಡೋಣ." ನಾನೂ ಹೂಂ ಅಂದೆ.

ಗಾರೆ, ಅದರ ಮೇಲೆ ಟೈಲ್, ಒಟ್ಟು ಒಂದೂವರೆ ಇಂಚು ನೆಲ ಮೇಲೆ ಬಂತು. ಒಂದೂವರೆ ಇಂಚು ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಮುಂಬಾಗಿಲು ಒಳಕ್ಕೆ ತೆರೆಯಲಿಲ್ಲ. ಬಡಗಿ ಬಂದು ತಳ ಕೊಯ್ದ. ಮಳೆಗಾಲದಲ್ಲಿ ಮರ ಉಬ್ಬಿ ಮತ್ತೆ ಉಜ್ಜಲು ಶುರುವಾಯಿತು, ಮತ್ತೆ ಕೊಯ್ದ. ತಾತನ ಕಾಲದ ತೇಗದ ಬಾಗಿಲು, ಹೊಟ್ಟೆ ಉರಿಯಿತು. ಹೊಸಿಲು ಅರ್ಧ ಮುಳುಗಿತು. ದಿನಾ ಅದಕ್ಕೆ ಅರಿಶಿನ ಕುಂಕುಮ ಇಡುವ ಅಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅದಕ್ಕಿಂತ ದೊಡ್ಡ ಕಾಟ ಹಾಲ್ ಮತ್ತು ನಡುಮನೆ ಸೇರುವ ಜಾಗದ್ದು. ಅಲ್ಲಿ ಒಂದು ಕುಳ್ಳ ಮೆಟ್ಟಿಲು ಹುಟ್ಟಿಕೊಂಡಿತು. ಪೂರ್ತಿ ಮೆಟ್ಟಿಲಾಗಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು. ಇದು ಕಾಲಿಗೇ ಬೀಳುವುದು. ಸಾಲುಮನೆಯಲ್ಲಿ ಸುತ್ತಿಕೊಂಡು ಹೋಗಲು ಪಕ್ಕದ ಓಣಿ ಇಲ್ಲ, ಎಲ್ಲರೂ ಎಲ್ಲಕ್ಕೂ ಅಲ್ಲೇ ದಾಟಬೇಕು. ಮಾವನವರು ಕಾಫಿ ಲೋಟ ಹಿಡಿದೇ ಎಡವಿದರು. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವ ಹುಡುಗ ಪ್ರತಿ ಸಲವೂ ಅಲ್ಲಿ ಟೈಲ್ ಅಂಚಿಗೆ ಗುದ್ದುತ್ತಾನೆ. ಎರಡು ಟೈಲ್ ಮೂಲೆ ಹೋಗಿವೆ. ಅದೇ ಬಣ್ಣದ್ದು ಕೇಳಿಕೊಂಡು ಅಂಗಡಿಗೆ ಹೋದರೆ "ಆ ಬ್ಯಾಚ್ ಮುಗೀತು ಸಾರ್." ಹೊಸ ಬ್ಯಾಚ್ ಒಂದು ಛಾಯೆ ಹಳದಿ. ಹಾಕಿಸುವವರು ಒಂದು ಬಾಕ್ಸ್ ಜಾಸ್ತಿ ತಂದು ಮಂಚದ ಕೆಳಗೆ ಇಟ್ಟುಕೊಳ್ಳಿ.

ಟೈಲ್ಸ್‌ನ ಒಳ್ಳೆಯ ಗುಣ ಒಂದಿದೆ, ಬೆಳಕು. ಕತ್ತಲೆ ಹಾಲ್ ನಿಜಕ್ಕೂ ಬೆಳ್ಳಗಾಯಿತು.

ರೆಡ್ ಆಕ್ಸೈಡ್‌ಗೆ ಕೆಲಸದವರು ಸಿಗುವುದೇ ಕಷ್ಟ. ನಂಜನಗೂಡು ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಎರಡು ತಿಂಗಳು ಕಾಯಿಸಿ ಬಂದರು. ಎದ್ದಿದ್ದ ಮೇಲ್ಪದರವನ್ನು ಉಳಿಯಲ್ಲಿ ಮೆಲ್ಲಗೆ ಕೆತ್ತಿ ತೆಗೆದರು, ಆಂಟಿಯ ಲೋಟ ಕುಣಿಯಲಿಲ್ಲ. ತಳದ ಗಾರೆ ಹಸಿ ಇರುವಾಗಲೇ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಬಳಿದು, ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದರು. ಒಂದು ಕೋಣೆ ಒಂದೇ ದಿನ ಮುಗಿಯಬೇಕು, ನಡುವೆ ನಿಲ್ಲಿಸಿದರೆ ಸೇರಿಕೆ ಗೆರೆ ಕಾಣುತ್ತದೆ. ನೆಲದ ಮಟ್ಟ ಮೊದಲಿನಷ್ಟೇ ಉಳಿಯಿತು. ನನಗೆ ಬೇಕಾಗಿದ್ದೂ ಅಷ್ಟೇ.

ಆಮೇಲೆ ಒಂದು ವಾರ ನೀರು ನಿಲ್ಲಿಸಬೇಕು. ನಡುಮನೆ ದಾಟದೆ ಅಡುಗೆಮನೆ ಇಲ್ಲ, ಹಾಗಾಗಿ ಸಂಸಾರ ಪೂರ್ತಿ ಸರಸ್ವತಿಪುರಂನ ಅಕ್ಕನ ಮನೆಗೆ. ನಾನು ಬೆಳಿಗ್ಗೆ ಸಂಜೆ ಬಂದು ನೀರು ಹಾಕಿ ಹೋಗುತ್ತಿದ್ದೆ. ಒಂದು ಸಂಜೆ ತಪ್ಪಿಸಿದೆ. ಬಾಗಿಲ ಹತ್ತಿರ ಕೂದಲೆಳೆಯಂಥ ಬಿರುಕು ಬಂದಿದೆ, ಅದು ನನ್ನದೇ ತಪ್ಪು. ಬಣ್ಣವೂ ಎಲ್ಲ ಕಡೆ ಒಂದೇ ಸಮ ಇಲ್ಲ.

ಶಹಾಬಾದ್ ಕಲ್ಲು ಅಗ್ಗ, ಗಟ್ಟಿ, ಒದ್ದೆಯಾದರೂ ಅಷ್ಟಾಗಿ ಜಾರುವುದಿಲ್ಲ. ಕಲಬುರಗಿ ಕಡೆಯ ಈ ಕಲ್ಲು ಸುಣ್ಣದ ಕಲ್ಲಿನ ಜಾತಿ. ನಿಂಬೆರಸ, ಹುಣಸೆ ನೀರು ಬಿದ್ದರೆ ಬಿಳಿ ಕಲೆ ಗ್ಯಾರಂಟಿ. ಹಿತ್ತಲಿಗೆ ಸರಿ, ಒಳಗೆ ಬೇಡ.

ಖರ್ಚಿಗೆ ಬಂದರೆ, ಚದರಡಿಗೆ ಟೈಲ್ಸ್ ಕೂಲಿ ಸೇರಿ 105 ರೂಪಾಯಿ, ರೆಡ್ ಆಕ್ಸೈಡ್ 120. ಬಡಗಿಗೆ ಎರಡು ಸಲ ಕೊಟ್ಟದ್ದು ಸೇರಿಸಿದರೆ ಟೈಲ್ಸೇ ದುಬಾರಿ ಬಿತ್ತು. ನಾವು ಊಟಕ್ಕೆ ಕೆಳಗೇ ಕೂರುವ ಜನ. ಏಪ್ರಿಲ್‌ನಲ್ಲಿ ಚಾಪೆಯೂ ಇಲ್ಲದೆ ನಡುಮನೆಯ ನೆಲದ ಮೇಲೇ ಮಲಗುತ್ತೇವೆ. ಸೋಫಾ, ಡೈನಿಂಗ್ ಟೇಬಲ್ ಇರುವವರು, ಹತ್ತು ದಿನ ಮನೆ ಬಿಡಲು ಆಗದವರು ಟೈಲ್ಸ್ ಹಾಕಿಸಿಕೊಳ್ಳಲಿ. ಆದರೆ ಹಳೇ ನೆಲದ ಮೇಲೆ ಮಾತ್ರ ಬೇಡ.

ಅಡುಗೆಮನೆ ಬಾಕಿ ಇದೆ. ಮೇಸ್ತ್ರಿ ದೀಪಾವಳಿ ಆದ ಮೇಲೆ ಅಂದಿದ್ದಾರೆ. ಹಾಲ್ ಮೆಟ್ಟಿಲಿನ ಅಂಚಿಗೆ ಅಮ್ಮ ಕೆಂಪು ಪೇಂಟ್ ಬಳಿದು ಗೆರೆ ಎಳೆದಿದ್ದಾರೆ. ಮಾವನವರು ಮೊನ್ನೆ ಮತ್ತೆ ಎಡವಿದರು.